ಒಂದೇ ಒಂದು ತುಂಡು ತಿಂದರೆ ಏನಾಗುತ್ತದೆ?



ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡು ಆಮೇಲೆ ನಿಮ್ಮೊಡನೆ ಜಗಳಕ್ಕೆ ಬರುತ್ತೇನೆ.

ಎರಡು ವರ್ಷಗಳ ಹಿಂದಿನ ಕ್ರಿಸ್ಮಸ್ ಮಧ್ಯಾಹ್ನ. ಮನೆ ತುಂಬ ನೆಂಟರು. ಮೇಜಿನ ಮೇಲೆ ಕರ್ಜಿಕಾಯಿ, ಕಜ್ಜಾಯ, ಚಕ್ಕುಲಿ, ಕೇಕು. ಏಳು ವರ್ಷದ ನನ್ನ ತಂಗಿಯ ಮಗಳು ಆ ಮೇಜಿನ ಮುಂದೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ನಾನು ಕರ್ಜಿಕಾಯಿಯೊಂದನ್ನು ಅವಳತ್ತ ಚಾಚಿದೆ. "ಬೇಡ ದೊಡ್ಡಮ್ಮ, ನಾನು ಮೈದಾ ತಿನ್ನಬಾರದಂತೆ" ಎಂದಳು. ಆ ಮಗುವಿಗೆ ಆರು ತಿಂಗಳ ಹಿಂದೆ ಏನೋ ಹೊಟ್ಟೆಯ ಕಾಯಿಲೆ ಪತ್ತೆಯಾಗಿದೆಯೆಂದು ನನಗೆ ಗೊತ್ತಿತ್ತು. ಆದರೂ ನಕ್ಕೆ. "ಹಬ್ಬದ ದಿನ ಒಂದೇ ಒಂದು ತುಂಡು ತಿಂದರೆ ಏನಾಗುತ್ತದೆ ಕಂದಾ?" ಎಂದೆ. ದೊಡ್ಡವರ ಮಾತನ್ನು ಮೀರಬಾರದೆಂದು ನಾವೇ ಕಲಿಸಿದ ಮಗು, ತಿಂದಿತು. ಆ ರಾತ್ರಿ ಅದು ಪಟ್ಟ ಹೊಟ್ಟೆನೋವನ್ನೂ ವಾಂತಿಯನ್ನೂ ನೋಡಿಕೊಂಡವಳು ನನ್ನ ತಂಗಿ. ಬೆಳಗ್ಗೆ ಅವಳು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು.

ಆ ಕಾಯಿಲೆಯ ಹೆಸರು ಸೀಲಿಯಾಕ್. ಅದರ ಬಗ್ಗೆ ತಿಳಿದುಕೊಳ್ಳಲು ನಾನು ಹೊರಟಿದ್ದು ಆ ಬೆಳಗ್ಗೆ. ತಿಳಿದುಕೊಂಡ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಈ ರೋಗದವರನ್ನು ರೋಗವು ಕಾಡುವುದಕ್ಕಿಂತ ಹೆಚ್ಚಾಗಿ ನಾವು ಕಾಡುತ್ತೇವೆ. ಪ್ರೀತಿಯ ಹೆಸರಿನಲ್ಲಿ, ಆತಿಥ್ಯದ ಹೆಸರಿನಲ್ಲಿ, ಕೆಲವೊಮ್ಮೆ ವಿಶ್ವಾಸದ ಹೆಸರಿನಲ್ಲಿಯೂ ಕಾಡುತ್ತೇವೆ. ನಮ್ಮ ಊಟದ ಮೇಜಿನಿಂದ ಆರಂಭವಾಗುವ ಈ ಕಾಟ ಪ್ರಭುವಿನ ಬಲಿಪೀಠದವರೆಗೂ ಹೋಗಿ ಮುಟ್ಟುತ್ತದೆ. ಇದನ್ನು ನಾವೆಲ್ಲರೂ ಸೇರಿ ನಿಲ್ಲಿಸಬೇಕು ಎಂಬುದೇ ಈ ಲೇಖನದ ಒತ್ತಾಯ.

ರೋಗವೆಂದರೆ ಏನು?

ಗೋಧಿ, ಜವೆಗೋಧಿ ಅಂದರೆ ಬಾರ್ಲಿ, ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟು ಗುಣದ ಸಸಾರಜನಕವಿದೆ. ಚಪಾತಿಯ ಹಿಟ್ಟು ಹರಿಯದೆ ಹಿಗ್ಗುವುದು, ಬ್ರೆಡ್ಡು ಉಬ್ಬಿ ನಿಲ್ಲುವುದು ಇದರಿಂದಲೇ. ಹೆಚ್ಚಿನವರಿಗೆ ಇದು ಬರಿಯ ಆಹಾರ. ಸೀಲಿಯಾಕ್ ಇರುವವರ ದೇಹ ಮಾತ್ರ ಇದನ್ನು ಕಂಡೊಡನೆ ತನ್ನ ಮೇಲೆಯೇ ಯುದ್ಧ ಸಾರುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಎದ್ದು ನಿಂತಿರುವ ಸೂಕ್ಷ್ಮ ಬೆರಳುಗಳಿವೆ. ಉಂಡ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಅವೇ. ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಆ ಬೆರಳುಗಳನ್ನೇ ಸವೆಸಿ ಹಾಕುತ್ತದೆ. ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಮಗುವಾದರೆ ಬೆಳವಣಿಗೆ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಭೇದಿ ಬಿಡುವುದಿಲ್ಲ. ದೊಡ್ಡವರಲ್ಲಿ ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಇಳಿಯದ ರಕ್ತಹೀನತೆ, ಮೂಳೆಗಳ ಸವೆತ, ಬಾಯಿಹುಣ್ಣು, ತುರಿಸುವ ಗುಳ್ಳೆಗಳು, ಕಾರಣ ತಿಳಿಯದ ಆಯಾಸ, ಕೆಲವು ಹೆಂಗಸರಲ್ಲಿ ಪದೇ ಪದೇ ಗರ್ಭಪಾತ. ಹೊರಗೆ ಯಾವ ಲಕ್ಷಣವೂ ಇಲ್ಲದೆ ಒಳಗೆ ಕರುಳು ಸವೆಯುತ್ತಿರುವವರೂ ಇದ್ದಾರೆ.

ಇದಕ್ಕೆ ಇಂದಿಗೂ ಔಷಧವಿಲ್ಲ. ಬಾಳಿನುದ್ದಕ್ಕೂ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ಬಿಟ್ಟರೆ ಕರುಳು ಮತ್ತೆ ಚಿಗುರುತ್ತದೆ, ಮಗು ಬೆಳೆಯುತ್ತದೆ. ಇದನ್ನು ಲೋಕಕ್ಕೆ ತೋರಿಸಿಕೊಟ್ಟವರು ವಿಲ್ಲೆಮ್ ಡಿಕೆ ಎಂಬ ಹಾಲೆಂಡಿನ ಮಕ್ಕಳ ವೈದ್ಯರು. ಗೋಧಿಯ ಮೇಲೆ ಅವರಿಗೆ ಮೊದಲೇ ಅನುಮಾನವಿತ್ತು. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಹಾಲೆಂಡಿನ ಜನ ಹಸಿವಿನಿಂದ ಕಂಗೆಟ್ಟರು. ಬ್ರೆಡ್ಡು ಸಿಗುವುದೇ ದುರ್ಲಭವಾಯಿತು. ಊರಿಗೆ ಊರೇ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಆ ಮಕ್ಕಳ ರೋಗವೂ ಮರಳಿತು. ಡಿಕೆಯವರು 1950ರಲ್ಲಿ ತಮ್ಮ ಪ್ರಬಂಧದಲ್ಲಿ ಗೋಧಿಯೇ ಕಾರಣವೆಂದು ವಾದಿಸಿದರು. ಎಲ್ಲರಿಗೂ ಜೀವ ಕೊಡುವ ರೊಟ್ಟಿ ಕೆಲವರ ಜೀವ ಹಿಂಡುತ್ತದೆ ಎಂಬ ಸತ್ಯ ಹೊಟ್ಟೆಗಿಲ್ಲದ ಆ ದಿನಗಳಲ್ಲಿ ಹೀಗೆ ಗಟ್ಟಿಯಾಯಿತು.

'ಒಂದೇ ತುಂಡು' ಎಂಬ ಸುಳ್ಳು

ಈಗ ನನ್ನ ಪ್ರಶ್ನೆಗೇ ಬರೋಣ. ಒಂದು ತುಂಡು ತಿಂದರೆ ನಿಜವಾಗಿ ಏನಾಗುತ್ತದೆ?

2007ರಲ್ಲಿ ಪ್ರಕಟವಾದ ಇಟಲಿಯ ವೈದ್ಯರ ಪರೀಕ್ಷೆಯೊಂದರಲ್ಲಿ, ರೋಗ ಹತೋಟಿಯಲ್ಲಿದ್ದವರಿಗೆ ಮೂರು ತಿಂಗಳ ಕಾಲ ದಿನಕ್ಕೆ ಕೇವಲ 50 ಮಿಲಿಗ್ರಾಂ ಗ್ಲುಟೆನ್ ಕೊಟ್ಟು ನೋಡಲಾಯಿತು. ಅಷ್ಟರಿಂದಲೇ ಕರುಳಿನ ಗೋಡೆಗೆ ಪೆಟ್ಟಾಯಿತು. ಬ್ರೆಡ್ಡಿನ ಒಂದು ಹೋಳಿನಲ್ಲಿ ಸುಮಾರು ಎರಡು ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಆ ಹೋಳನ್ನು ನಲವತ್ತು ಚೂರು ಮಾಡಿ ದಿನಕ್ಕೊಂದು ಚೂರು ತಿನ್ನಿಸಿದರೂ ಹಾನಿಯೇ. 'ಗ್ಲುಟೆನ್ ರಹಿತ' ಎಂದು ಮುದ್ರಿಸುವ ಆಹಾರದಲ್ಲಿ ಒಂದು ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂದು ಅಂತರರಾಷ್ಟ್ರೀಯ ಮಾನದಂಡವೂ ನಮ್ಮ ದೇಶದ ಆಹಾರ ಪ್ರಾಧಿಕಾರದ ನಿಯಮವೂ ಹೇಳುವುದು ಈ ಕಾರಣಕ್ಕೆ. ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು, ನಾಮಕರಣಕ್ಕೊಂದು, ಪಕ್ಕದ ಮನೆಯ ಅಜ್ಜಿಯ ಬಲವಂತಕ್ಕೊಂದು ಎಂದು ನಾವು ಕೊಡುವ 'ಒಂದೇ ತುಂಡು'ಗಳನ್ನು ಕೂಡಿಸಿ ನೋಡಿ. ಕೊಡುವವರಿಗೆ ಅದು ಒಂದೇ ಒಂದು. ಪಡೆಯುವ ಮಗುವಿಗೆ ವರ್ಷಕ್ಕೆ ಐವತ್ತು.

"ಹೊಟ್ಟೆ ನೋಯಲಿಲ್ಲವಲ್ಲ, ಹಾಗಿದ್ದರೆ ಏನೂ ಆಗಲಿಲ್ಲ" ಎನ್ನುವವರಿಗೂ ಒಂದು ಮಾತು. ನೋವು ಕಾಣಿಸದಿದ್ದರೂ ಕರುಳು ಸವೆಯಬಹುದು. ಹಲವು ವರ್ಷ ಪಥ್ಯ ತಪ್ಪಿದವರಿಗೆ ಮೂಳೆ ಮುರಿತದ ಭಯವಿದೆ. ಅಪರೂಪಕ್ಕೆ ಕರುಳಿನ ಕ್ಯಾನ್ಸರಿನ ಅಪಾಯವೂ ಇದೆ. ಸಕ್ಕರೆ ಕಾಯಿಲೆಯವರ ಎಲೆಗೆ ಜಿಲೇಬಿ ಬಡಿಸಲು ನಾವು ಈಗೀಗ ಹಿಂಜರಿಯುತ್ತೇವೆ. ಆ ಹಿಂಜರಿಕೆಯನ್ನು ಕಲಿಯಲು ನಮಗೆ ಒಂದು ತಲೆಮಾರು ಬೇಕಾಯಿತು. ಈ ಮಕ್ಕಳು ಇನ್ನೊಂದು ತಲೆಮಾರು ಕಾಯಬೇಕೇ?

ಅಡಗಿ ಕುಳಿತ ಗೋಧಿ

"ಚಪಾತಿ ಬಿಟ್ಟರಾಯಿತು, ಅದೇನು ಮಹಾ ಕಷ್ಟ?" ಎಂದು ಕೇಳುವವರು ಒಂದು ದಿನ ತಮ್ಮ ಅಡುಗೆಮನೆಯನ್ನು ಈ ಕಣ್ಣಿನಿಂದ ನೋಡಲಿ. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿಗಳ ರವೆ ಗೋಧಿಯದು. ಅಂಗಡಿಯ ಶ್ಯಾವಿಗೆ ಬಹುಮಟ್ಟಿಗೆ ಗೋಧಿಯದು. ಹೋಳಿಗೆಯ ಕಣಕ, ಚಿರೋಟಿ, ಬಿಸ್ಕತ್ತು, ಬನ್ನು, ಪಫ್ ಎಲ್ಲವೂ ಮೈದಾ. ಬೀದಿಬದಿಯ ಗೋಬಿ ಮಂಚೂರಿಯ ಹೊದಿಕೆಯಲ್ಲಿ ಮೈದಾ, ಅದಕ್ಕೆ ಹಾಕುವ ಸೋಯಾ ಸಾಸಿನಲ್ಲಿ ಗೋಧಿ. ಮಕ್ಕಳಿಗೆ ಶಕ್ತಿ ಬರಲೆಂದು ಹಾಲಿಗೆ ಬೆರೆಸುವ ಮಾಲ್ಟಿನ ಪುಡಿಯಲ್ಲಿ ಬಾರ್ಲಿ. ಜ್ವರ ಬಂದವರಿಗೆ ಕುದಿಸಿ ಕೊಡುವ ಬಾರ್ಲಿ ನೀರಂತೂ ಹೆಸರಿನಲ್ಲೇ ಇದೆ. ಯಾರೂ ಊಹಿಸದ ಇನ್ನೊಂದು ವಸ್ತು ಇಂಗು. ಡಬ್ಬಿಯಲ್ಲಿ ಬರುವ ಕೂಟು ಇಂಗಿಗೆ ಎಷ್ಟೋ ತಯಾರಕರು ಗೋಧಿಹಿಟ್ಟು ಬೆರೆಸುತ್ತಾರೆ. ಒಗ್ಗರಣೆಗೆ ಹಾಕಿದ ಚಿಟಿಕೆ ಇಂಗು ಇಡೀ ಪಾತ್ರೆಯ ಸಾರನ್ನು ಆ ಮಗುವಿಗೆ ನಿಷಿದ್ಧವಾಗಿಸಬಲ್ಲದು.

ಇದಿಷ್ಟೇ ಅಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಮುಂದಿನ ಸರದಿಯಲ್ಲಿ ರಾಗಿ ಬೀಸಿದರೆ, ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು ರಾಗಿಹಿಟ್ಟಿಗೆ ಸೇರುತ್ತದೆ. ನನ್ನ ತಂಗಿ ಗಿರಣಿಯವರನ್ನು ಕೇಳಿಕೊಂಡು, ವಾರಕ್ಕೊಮ್ಮೆ ಗಿರಣಿ ತೊಳೆದ ಮೇಲಿನ ಮೊದಲ ಸರದಿಗೆ ಬೆಳಗ್ಗೆ ಆರಕ್ಕೇ ಹೋಗಿ ನಿಲ್ಲುತ್ತಿದ್ದಳು. ಕೊನೆಗೆ ಸಾಲ ಮಾಡಿ ಮನೆಗೊಂದು ಚಿಕ್ಕ ಹಿಟ್ಟಿನ ಯಂತ್ರ ತಂದಳು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯುವಂತಿಲ್ಲ. ರವೆ ದೋಸೆ ಹುಯ್ದ ಕಾವಲಿಯಲ್ಲಿ ಅಕ್ಕಿ ದೋಸೆ ಹುಯ್ಯುವಂತಿಲ್ಲ. ಚಪಾತಿ ಲಟ್ಟಿಸಿದ ಮಣೆಯನ್ನು ಅಕ್ಕಿರೊಟ್ಟಿಗೆ ಮುಟ್ಟಿಸುವಂತಿಲ್ಲ. ಮನೆಯೊಳಗೆ ಇಷ್ಟನ್ನೂ ಕಾಯ್ದುಕೊಂಡ ತಾಯಿ ಮಗುವನ್ನು ಹೊರಗೆ ಕಳಿಸಿದಾಗ, ನನ್ನಂಥ ದೊಡ್ಡಮ್ಮ ಒಂದು ನಗುವಿನಲ್ಲಿ ಆ ಶ್ರಮವನ್ನೆಲ್ಲ ಕೆಡವಿಬಿಡುತ್ತಾಳೆ.

ಹಾಗೆಂದು ಹೆದರಬೇಕಾಗಿಲ್ಲ. ದೇವರು ಈ ನಾಡಿಗೆ ಕೊಟ್ಟ ಧಾನ್ಯಗಳನ್ನು ಎಣಿಸಿ ನೋಡಿ: ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಮೆಕ್ಕೆಜೋಳ. ಒಂದರಲ್ಲೂ ಈ ಮಕ್ಕಳಿಗೆ ಕೇಡಿನ ಗ್ಲುಟೆನ್ ಇಲ್ಲ. ಬೇಳೆಕಾಳು, ಹಣ್ಣು, ತರಕಾರಿ, ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲೂ ಇಲ್ಲ. ಹಳೇ ಮೈಸೂರಿನ ಮುದ್ದೆ, ಬಡಗಣ ನಾಡಿನ ಜೋಳದ ರೊಟ್ಟಿ, ಕರಾವಳಿಯ ಕುಚ್ಚಲಕ್ಕಿ ಗಂಜಿ, ಕೊಡಗಿನ ಕಡಂಬುಟ್ಟು ಯಾವುದೂ ಈ ಮಗುವನ್ನು ಹೊರಗಿಡುವುದಿಲ್ಲ. ಪೇಟೆಯ ದೊಡ್ಡ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ 'ಗ್ಲುಟೆನ್ ರಹಿತ' ಬಿಸ್ಕತ್ತು ಇಲ್ಲದೆಯೂ ಬಡವರ ಮನೆಯ ಮಗು ಚೆನ್ನಾಗಿ ಬೆಳೆಯಬಹುದು. ಕಷ್ಟವಿರುವುದು ನಮ್ಮ ಸಂಭ್ರಮದ ಊಟದಲ್ಲಿ. ಸತ್ಕಾರವೆಂದರೆ ಮೈದಾ ಎಂದು ನಾವು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದೇವೆ.

ನಮ್ಮ ಕಡೆ ಇಲ್ಲವೆಂಬ ಉದಾಸೀನ

"ಇದು ಉತ್ತರದವರ ರೋಗ, ನಮ್ಮಲ್ಲಿಲ್ಲ" ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಇದರಲ್ಲಿ ಅರ್ಧ ಸತ್ಯವಿದೆ. ದೇಶದ ಮೂರು ಭಾಗಗಳಲ್ಲಿ 23,000ಕ್ಕೂ ಹೆಚ್ಚು ವಯಸ್ಕರ ರಕ್ತವನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ರೋಗವನ್ನು ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇಕಡಾ 1.23 ಜನರಲ್ಲಿ, ಈಶಾನ್ಯದಲ್ಲಿ ಶೇಕಡಾ 0.87 ಜನರಲ್ಲಿ, ದಕ್ಷಿಣದಲ್ಲಿ ಶೇಕಡಾ 0.10 ಜನರಲ್ಲಿ ಕಂಡವು. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು. ಈ ರೋಗಕ್ಕೆ ಎಡೆಮಾಡಿಕೊಡುವ ವಂಶವಾಹಿಗಳು ಮೂರೂ ಕಡೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿವೆ. ಬೇರೆಯಾಗಿದ್ದದ್ದು ತಿನ್ನುವ ಗೋಧಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದವರು 25 ಗ್ರಾಂ. ನಮ್ಮ ಮಕ್ಕಳ ಊಟದ ಡಬ್ಬಿಯಲ್ಲಿ ಇಂದು ಏನಿದೆ ಎಂದು ತೆರೆದು ನೋಡಿ, ನಿಶ್ಚಿಂತೆಯಾಗಿರಬಹುದೇ ಎಂದು ನೀವೇ ಹೇಳಿ.

ವಿರಳವಾದ ರೋಗಕ್ಕೆ ಇನ್ನೊಂದು ಶಾಪವಿದೆ: ಅದು ಯಾರಿಗೂ ಹೊಳೆಯುವುದಿಲ್ಲ. ನನ್ನ ತಂಗಿಯ ಮಗಳಿಗೆ ಮೂರು ವರ್ಷ ಜಂತುಹುಳುವಿನ ಔಷಧಿ ಕೊಟ್ಟರು, ಟಾನಿಕ್ ಕೊಟ್ಟರು, ದೃಷ್ಟಿ ತೆಗೆದರು, ಜಪಸರ ಹಿಡಿದು ಹರಕೆ ಹೊತ್ತೆವು. ಕೊನೆಗೊಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿಯಿಂದ ಕರುಳಿನ ಚೂರು ತೆಗೆದು ನೋಡಿದಾಗ ನಿಜ ತಿಳಿಯಿತು. ಆದ್ದರಿಂದ ಓದುಗರೇ, ಬೆಳೆಯದ ಮಗು, ನಿಲ್ಲದ ಭೇದಿ, ಇಳಿಯದ ರಕ್ತಹೀನತೆ ನಿಮ್ಮ ಮನೆಯಲ್ಲಿದ್ದರೆ ಈ ರೋಗದ ಹೆಸರನ್ನು ವೈದ್ಯರ ಮುಂದೆ ಎತ್ತಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಹೆತ್ತವರೂ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅವರಲ್ಲಿ ಇದು ಇತರರಿಗಿಂತ ಬಹಳ ಹೆಚ್ಚು. ಆದರೆ ಪರೀಕ್ಷೆಗೆ ಮೊದಲೇ ನೀವಾಗಿ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲೂ ಕರುಳಿನಲ್ಲೂ ರೋಗದ ಗುರುತು ಮಾಸಿ ಪರೀಕ್ಷೆಯೇ ಸುಳ್ಳಾಗಬಹುದು.

ಇಲ್ಲಿ ಇನ್ನೊಂದು ಗುಂಪಿನೊಡನೆಯೂ ನನಗೆ ಜಗಳವಿದೆ. ಯಾವ ರೋಗವೂ ಇಲ್ಲದೆ ಮೈ ಇಳಿಸಲೆಂದು ನಾಲ್ಕು ದಿನ 'ಗ್ಲುಟೆನ್ ಬಿಟ್ಟಿದ್ದೇನೆ' ಎಂದು ಹೇಳಿಕೊಂಡು, ಐದನೆಯ ದಿನ ಮದುವೆಮನೆಯಲ್ಲಿ ಕೇಕು ತಿನ್ನುವವರು ಇವರು. ಇವರನ್ನು ನೋಡಿದವರು, ನಿಜವಾದ ರೋಗಿ ಬಂದು ಕೇಳಿಕೊಂಡಾಗಲೂ ಅದನ್ನು ಶೋಕಿಯೆಂದೇ ತಿಳಿಯುತ್ತಾರೆ. ನಿಮ್ಮ ಪಥ್ಯ ನಿಮ್ಮ ಇಷ್ಟ. ಅದಕ್ಕೆ ರೋಗದ ಮಾತನ್ನು ಎರವಲು ಪಡೆಯಬೇಡಿ.

'ವಿಶ್ವಾಸವಿದ್ದರೆ ಏನೂ ಆಗದು'

ಈಗ ನನ್ನ ಮನಸ್ಸನ್ನು ಹೆಚ್ಚು ನೋಯಿಸಿದ ಸಂಗತಿಗೆ ಬರುತ್ತೇನೆ. ಕಳೆದ ವರ್ಷ ಈ ಮಗು ಹೊಸ ಪರಮಪ್ರಸಾದದ ಸಿದ್ಧತೆಗೆ ಸೇರಿತು. ಬಲಿಪೂಜೆಯ ಓಸ್ತಿ ಗೋಧಿಹಿಟ್ಟಿನದು. ತಂಗಿ ಹೋಗಿ ವಿಷಯ ತಿಳಿಸಿದಳು. ಧರ್ಮೋಪದೇಶ ಕಲಿಸುವವರು ಹೇಳಿದ್ದು: "ಅದು ಯೇಸುಸ್ವಾಮಿಯ ಶರೀರ. ಅದರಿಂದ ಯಾರಿಗಾದರೂ ಕೇಡಾಗುವುದುಂಟೇ? ಗಟ್ಟಿಯಾದ ವಿಶ್ವಾಸವಿದ್ದರೆ ಏನೂ ಆಗುವುದಿಲ್ಲ." ಅಂದು ರಾತ್ರಿ ಮಗು ನನ್ನನ್ನು ಕೇಳಿತು: "ದೊಡ್ಡಮ್ಮ, ನನಗೆ ಹೊಟ್ಟೆನೋವು ಬಂದರೆ ನನಗೆ ವಿಶ್ವಾಸ ಇಲ್ಲ ಎಂದು ಅರ್ಥವೇ?"

ಓದುಗರೇ, ಒಂಬತ್ತು ವರ್ಷದ ಮಗುವಿನ ಹೆಗಲಿಗೆ ಇಂಥ ಪ್ರಶ್ನೆಯನ್ನು ಹೊರಿಸುವುದು ಭಕ್ತಿಯಲ್ಲ. ಅದು ಧರ್ಮಸಭೆಯ ಬೋಧನೆಯೂ ಅಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸಗಳ ಸತ್ವವು ಕ್ರಿಸ್ತರ ಶರೀರ ಮತ್ತು ರಕ್ತವಾಗಿ ಮಾರ್ಪಡುತ್ತದೆ, ಆದರೆ ಅವುಗಳ ರೂಪ, ರುಚಿ, ಗುಣಗಳು ಹಾಗೆಯೇ ಉಳಿಯುತ್ತವೆ ಎಂಬುದೇ ನಾವು ಕಲಿತ ಬೋಧನೆ. ಈ ಗೋಚರ ರೂಪಗಳು ದೇಹವನ್ನು ಪೋಷಿಸಬಲ್ಲವೆಂದು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ವಿವರಿಸಿದ್ದಾರೆ. ಪೋಷಿಸಬಲ್ಲ ಗುಣ ಉಳಿದಿದ್ದರೆ, ಈ ರೋಗಿಯ ಕರುಳನ್ನು ಕೆಡಿಸಬಲ್ಲ ಗುಣವೂ ಉಳಿದಿರುತ್ತದೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಎತ್ತಿ ಹಿಡಿಯುತ್ತಾರೆ ಎಂದು ಯೇಸುವನ್ನು ಒತ್ತಾಯಿಸಿದವನು ಯಾರೆಂದು ನಿಮಗೆ ಗೊತ್ತು. ದೇವರನ್ನು ಪರೀಕ್ಷಿಸಬಾರದೆಂದು ಪ್ರಭುವೇ ಅವನಿಗೆ ಉತ್ತರಿಸಿದರು. ಪ್ರಭು ತಾವೇ ನಿರಾಕರಿಸಿದ ಪರೀಕ್ಷೆಯನ್ನು ನಾವು ಒಂದು ಮಗುವಿನ ಮೇಲೆ ಏಕೆ ನಡೆಸುತ್ತೇವೆ?

ತೆರೆದಿರುವ ಎರಡು ಬಾಗಿಲು

"ಹಾಗಾದರೆ ಅಕ್ಕಿಯ ಓಸ್ತಿ ಮಾಡಬಾರದೇ?" ಎಂದು ನೀವು ಕೇಳಬಹುದು. ಅನ್ನ ಉಣ್ಣುವ ನಾಡಿನಲ್ಲಿ ಹುಟ್ಟಿದ ನಾನೂ ಕೇಳಿದ್ದೆ. ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯಂತೆ ಓಸ್ತಿ ಗೋಧಿಯದೇ ಆಗಿರಬೇಕು. ಗ್ಲುಟೆನ್ ಒಂದಿಷ್ಟೂ ಇಲ್ಲದ ಓಸ್ತಿ ಸಿಂಧುವಲ್ಲ. ನನ್ನ ಜಗಳ ಆ ನಿಯಮದೊಡನೆ ಅಲ್ಲ. ಏಕೆಂದರೆ ಆ ನಿಯಮವನ್ನು ಇಟ್ಟವರೇ ಈ ರೋಗಿಗಳಿಗಾಗಿ ಎರಡು ಬಾಗಿಲು ತೆರೆದಿಟ್ಟಿದ್ದಾರೆ. ಅವು ತೆರೆದಿವೆಯೆಂದು ಹೇಳುವವರೇ ನಮ್ಮಲ್ಲಿ ಇಲ್ಲ.

ಮೊದಲನೆಯದು ಅಲ್ಪ ಗ್ಲುಟೆನ್ನಿನ ಓಸ್ತಿ. ವಿಶ್ವಾಸ ಸಿದ್ಧಾಂತದ ಆಯೋಗದ ಅಧ್ಯಕ್ಷರಾಗಿದ್ದ ಕಾರ್ಡಿನಲ್ ಜೋಸೆಫ್ ರಾಟ್ಸಿಂಗರ್, ಅಂದರೆ ಮುಂದೆ ಹದಿನಾರನೆಯ ಬೆನೆಡಿಕ್ಟರಾದವರು, 2003ರ ಜುಲೈ 24ರಂದು ಎಲ್ಲ ದೇಶಗಳ ಧರ್ಮಾಧ್ಯಕ್ಷರ ಮಂಡಳಿಗಳಿಗೆ ಪತ್ರ ಬರೆದರು. ಬೇರೆ ವಸ್ತು ಬೆರೆಸದೆ ರೊಟ್ಟಿಯಾಗಲು ಸಾಕಾಗುವಷ್ಟು ಗ್ಲುಟೆನ್ ಇದ್ದರೆ ಅಂಥ ಓಸ್ತಿ ಸಿಂಧುವೆಂದೂ, ಅದನ್ನು ಬಳಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂದೂ, ಒಮ್ಮೆ ಕೊಟ್ಟ ಅನುಮತಿ ಆ ಸ್ಥಿತಿ ಇರುವವರೆಗೂ ಮುಂದುವರಿಯಬಹುದೆಂದೂ ಆ ಪತ್ರ ತಿಳಿಸುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಕ್ಲೈಡ್ ಎಂಬಲ್ಲಿನ ಬೆನೆಡಿಕ್ಟೀನ್ ಸಹೋದರಿಯರು ಹಲವು ವರ್ಷ ಪ್ರಯೋಗ ಮಾಡಿ, ಕೇವಲ ಶೇಕಡಾ 0.01 ಗ್ಲುಟೆನ್ ಇರುವ ಗೋಧಿಯ ಓಸ್ತಿಯನ್ನು ಸಿದ್ಧಪಡಿಸಿದರು. ಅದನ್ನು ಸ್ವೀಕರಿಸುವ ಮೊದಲು ರೋಗಿ ತನ್ನ ವೈದ್ಯರನ್ನು ಕೇಳಿಕೊಳ್ಳಬೇಕು.

ಎರಡನೆಯದು ಪಾನಪಾತ್ರೆ. ಅಲ್ಪ ಗ್ಲುಟೆನ್ನಿನ ಓಸ್ತಿಯನ್ನೂ ಸ್ವೀಕರಿಸಲಾಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದ ಪಡೆಯಬಹುದೆಂದು ಅದೇ ಪತ್ರ ಹೇಳುತ್ತದೆ. ಅಗತ್ಯ ಬಿದ್ದಾಗ ಹಾಗೆ ಕೊಡಬಹುದೆಂದು ಕಾನೂನು ಸಂಹಿತೆಯ 925ನೆಯ ವಿಧಿಯೂ ಹೇಳುತ್ತದೆ. ಎರಡರಲ್ಲಿ ಯಾವುದೊಂದು ರೂಪದಲ್ಲಿಯೂ ಕ್ರಿಸ್ತರು ಪೂರ್ಣವಾಗಿ ಇರುತ್ತಾರೆಂಬುದು ನಮ್ಮ ವಿಶ್ವಾಸ. ನಾಲ್ಕು ಹನಿ ಸ್ವೀಕರಿಸಿದ ಮಗುವಿಗೆ ಯಾವ ಕೊರತೆಯೂ ಇಲ್ಲ. ಪೋಪ್ ಫ್ರಾನ್ಸಿಸ್ ಅವರ ಕೋರಿಕೆಯಂತೆ ದೈವಾರಾಧನೆಯ ಆಯೋಗವು 2017ರಲ್ಲಿ ಹೊರಡಿಸಿದ ಸುತ್ತೋಲೆಯೂ ಓಸ್ತಿಯ ಕುರಿತಾದ ಈ ನಿಯಮಗಳನ್ನು ಮತ್ತೆ ನೆನಪಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಯಾಜಕರು ಓಸ್ತಿಯನ್ನು ಮುರಿದು ಅದರ ಒಂದು ಚೂರನ್ನು ತಮ್ಮ ಪಾನಪಾತ್ರೆಗೆ ಹಾಕುತ್ತಾರೆ. ಓಸ್ತಿಯನ್ನು ಅದ್ದಿ ಕೊಡುವ ರೂಢಿಯೂ ಇದೆ. ಆದ್ದರಿಂದ ಈ ಮಗುವಿಗೆ ಆ ಪಾತ್ರೆ ಒದಗದು. ಬಲಿಪೀಠದ ಮೇಲೆ ಆರಂಭದಿಂದಲೇ ಇನ್ನೊಂದು ಚಿಕ್ಕ ಪಾತ್ರೆಯನ್ನು ಪ್ರತ್ಯೇಕವಾಗಿಟ್ಟು ಪವಿತ್ರೀಕರಿಸಬೇಕು. ಅಲ್ಪ ಗ್ಲುಟೆನ್ನಿನ ಓಸ್ತಿಯಾದರೆ ಅದನ್ನು ಬೇರೆ ಡಬ್ಬಿಯಲ್ಲಿಟ್ಟು, ಇತರ ಓಸ್ತಿಗಳನ್ನು ಮುಟ್ಟದ ಕೈಯಿಂದ ಕೊಡಬೇಕು.

ಬೇಕಾದದ್ದು ಇಷ್ಟೇ: ಒಂದು ಚಿಕ್ಕ ಪಾತ್ರೆ, ಅದನ್ನು ನೆನಪಿಡುವ ಒಬ್ಬ ಸೇವಕ. ದೇವಾಲಯದ ಹಬ್ಬಕ್ಕೆ ಸಾವಿರಾರು ರೂಪಾಯಿಯ ದೀಪಾಲಂಕಾರ ಮಾಡುವ ನಮಗೆ ಇದು ಭಾರವೇ? "ಒಬ್ಬಳಿಗಾಗಿ ಇಷ್ಟೆಲ್ಲ ಏಕೆ?" ಎಂದು ಕೇಳಿದವರಿದ್ದಾರೆ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರಿಗಾಹಿಯ ಸಾಮತಿಯನ್ನು ಪ್ರತಿವರ್ಷ ಕೇಳುವವರು ಈ ಪ್ರಶ್ನೆಯನ್ನು ಕೇಳಬಾರದಿತ್ತು.

ನಾವು ಮಾಡಬೇಕಾದದ್ದು

ಕೊರಿಂಥದ ಸಭೆಯವರು ಪ್ರಭುವಿನ ಭೋಜನಕ್ಕೆಂದು ಸೇರಿದಾಗ ಕೆಲವರು ಹೊಟ್ಟೆ ತುಂಬ ಉಂಡು, ಕೆಲವರು ಹಸಿದು ಉಳಿಯುತ್ತಿದ್ದರು. ಸಂತ ಪೌಲರು ಅದನ್ನು ಸಣ್ಣ ತಪ್ಪೆಂದು ಬಿಡಲಿಲ್ಲ. ಅಂಥ ಭೋಜನ ಪ್ರಭುವಿನ ಭೋಜನವೇ ಅಲ್ಲವೆಂದು ಗದರಿಸಿದರು. ನಮ್ಮ ಹಬ್ಬದ ಊಟದಲ್ಲಿ ಎಲ್ಲರೂ ಉಣ್ಣುವಾಗ ಒಂದು ಮಗು ತಾಯಿಯ ಚೀಲದಿಂದ ತಣ್ಣಗಿನ ಅನ್ನ ತೆಗೆದು ಮೂಲೆಯಲ್ಲಿ ತಿನ್ನುತ್ತಿದ್ದರೆ, ಆ ಪತ್ರ ನಮಗೂ ಬರೆದದ್ದೇ.

ಆದ್ದರಿಂದ ನನ್ನ ಬೇಡಿಕೆಗಳು ಇವು. ಮನೆಮಂದಿಯೇ, ಮಗು 'ಬೇಡ' ಎಂದರೆ ಎರಡನೆಯ ಬಾರಿ ಕೇಳಬೇಡಿ. ಇನ್ನೊಬ್ಬರ ಮಗುವಿಗೆ ತಾಯಿಯನ್ನು ಕೇಳದೆ ಏನನ್ನೂ ತಿನ್ನಿಸಬೇಡಿ. ಹೆಣ್ಣು ಹೆತ್ತವರೇ, ಸಂಬಂಧ ತಪ್ಪೀತೆಂದು ಮಗಳ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಬೇಡಿ. ಅತ್ತೆಮನೆಯಲ್ಲಿ ಅವಳು ದಿನವೂ ಗುಟ್ಟಾಗಿ ಹಸಿದಿರಬೇಕಾಗುತ್ತದೆ ಅಥವಾ ಗುಟ್ಟಾಗಿ ರೋಗ ತಿನ್ನಬೇಕಾಗುತ್ತದೆ. ಗಂಡಿನ ಕಡೆಯವರೇ, ಮುದ್ದೆ ಅನ್ನ ಉಂಡು ಆರೋಗ್ಯವಾಗಿರುವ ಹುಡುಗಿಯನ್ನು 'ರೋಗಿಷ್ಠೆ' ಎನ್ನಬೇಡಿ. ಶಿಕ್ಷಕರೇ, ತರಗತಿಯಲ್ಲಿ ಕೇಕು ಹಂಚುವ ಮೊದಲು ಒಮ್ಮೆ ವಿಚಾರಿಸಿ. ಪಾಲನಾ ಸಮಿತಿಯವರೇ, ಹಬ್ಬದ ಊಟದಲ್ಲಿ ಒಂದು ಪಾತ್ರೆ ಬಿಳಿ ಅನ್ನ, ಇಂಗಿಲ್ಲದ ಒಂದು ಸಾರು, ಅದಕ್ಕೆಂದೇ ಒಂದು ಸೌಟು ಬೇರೆ ಇಡಿಸಿ. ಪೂಜ್ಯ ಗುರುಗಳೇ, ಹೊಸ ಪರಮಪ್ರಸಾದದ ತರಗತಿ ಆರಂಭವಾಗುವ ದಿನವೇ "ಗೋಧಿ ತಿನ್ನಲಾಗದ ಮಕ್ಕಳು ಇದ್ದಾರೆಯೇ?" ಎಂದು ತಾವಾಗಿಯೇ ಕೇಳಿ. ಕೇಳಿಕೊಂಡು ಬರುವ ತಾಯಿಯನ್ನು ವಿಶೇಷ ಸವಲತ್ತು ಬೇಡುವವಳಂತೆ ನಿಲ್ಲಿಸಬೇಡಿ. ಅವಳು ಕೇಳುತ್ತಿರುವುದನ್ನು ಧರ್ಮಸಭೆ ಆಗಲೇ ಕೊಟ್ಟಿದೆ.

ಯಾಯಿರನ ಮಗಳನ್ನು ಯೇಸು ಸಾವಿನಿಂದ ಎಬ್ಬಿಸಿದ ಸಂಗತಿ ನಿಮಗೆ ನೆನಪಿರಬಹುದು. ಮನೆಮಂದಿಯೆಲ್ಲ ಬೆರಗಾಗಿ ನಿಂತಿದ್ದರು. ಅಷ್ಟು ದೊಡ್ಡ ಅದ್ಭುತದ ನಂತರ ಪ್ರಭು ಹೇಳಿದ ಮಾತು ಬಹಳ ಸಣ್ಣದು: ಆ ಹುಡುಗಿಗೆ ತಿನ್ನಲು ಏನಾದರೂ ಕೊಡಿ ಎಂದರು. ಆ ಕೆಲಸವನ್ನು ಅವರು ತಾವು ಮಾಡಲಿಲ್ಲ, ಸುತ್ತ ನಿಂತವರಿಗೆ ವಹಿಸಿದರು.

ನನ್ನ ತಂಗಿಯ ಮಗಳಿಗೆ ಈಗ ಒಂಬತ್ತು ವರ್ಷ. ಜೊತೆಯ ಮಕ್ಕಳೆಲ್ಲ ಕಳೆದ ಮೇ ತಿಂಗಳಿನಲ್ಲಿ ಬಿಳಿಯ ಉಡುಪು ತೊಟ್ಟು ಸಾಲಾಗಿ ನಡೆದರು. ಅವಳು ತಾಯಿಯ ಪಕ್ಕದ ಬೆಂಚಿನಲ್ಲಿ ಕುಳಿತು ನೋಡಿದಳು. ನಮ್ಮ ಕೋರಿಕೆಯ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ನಾವು ಕೇಳುವುದನ್ನು ಬಿಟ್ಟಿಲ್ಲ. ಕಳೆದ ಕ್ರಿಸ್ಮಸ್ಸಿಗೆ ನಾನು ಕರ್ಜಿಕಾಯಿಯನ್ನು ಅಕ್ಕಿಹಿಟ್ಟಿನಲ್ಲಿ ಮಾಡಿದೆ. ಅಂಚು ಸೀಳಿತು, ಹೂರಣ ಎಣ್ಣೆಗೆ ಬಿತ್ತು, ನೋಡಲು ಚೆನ್ನಾಗಿರಲಿಲ್ಲ. ಅವಳು ನಾಲ್ಕು ತಿಂದಳು. ನಿಮ್ಮ ಧರ್ಮಕೇಂದ್ರದಲ್ಲಿಯೂ ಕೈ ಹಿಂದೆ ಕಟ್ಟಿಕೊಂಡು ನಿಂತ ಒಂದು ಮಗು ಇರಬಹುದು. ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಒಮ್ಮೆ ಸುತ್ತ ನೋಡಿ, ವಿಚಾರಿಸಿ.